ಅಮಾವಾಸ್ಯೆಗೊಂದು ಡಿಸ್ಕ್: ಮನೆಯ ಕಂಪ್ಯೂಟರಿಗೆ ತಾನಾಗಿ ನಡೆಯುವ ಬ್ಯಾಕಪ್

ಬಾಗಲಕೋಟೆಯ ಹಳೆಯ ಮನೆ ಆಲಮಟ್ಟಿಯ ಹಿನ್ನೀರಿನ ಪಾಲಾಗುತ್ತದೆ ಎಂದು ಖಚಿತವಾದಾಗ ನಮ್ಮ ತಂದೆ ನವನಗರಕ್ಕೆ ಮೊದಲು ಸಾಗಿಸಿದ್ದು ಕಾಗದಪತ್ರಗಳ ಟ್ರಂಕನ್ನು. ತಾಮ್ರದ ಹಂಡೆ, ಬೀಸುವ ಕಲ್ಲು, ತೇಗದ ಬಾಗಿಲು ಎಲ್ಲ ಆಮೇಲೆ ಬಂದವು. ಖರೀದಿ ಪತ್ರ, ಪಹಣಿ, ಅಜ್ಜನ ಕೈಬರಹದ ಲೆಕ್ಕದ ವಹಿ, ಮುಳುಗಡೆ ಪರಿಹಾರದ ಆದೇಶ ಹೀಗೆ ಪ್ರತಿಯೊಂದಕ್ಕೂ ಎರಡೆರಡು ಝೆರಾಕ್ಸ್ ಮಾಡಿಸಿ, ಒಂದು ಕಟ್ಟನ್ನು ವಿಜಯಪುರದಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ಇಡಿಸಿದ್ದರು. ಆಗ ನಾವು ನಕ್ಕಿದ್ದೆವು.

ಅಂಥವರ ಮಗನಾದ ನಾನು ಮಾಡಿದ್ದನ್ನು ಕೇಳಿ. ತಂಗಿಯ ಮದುವೆಯ ಫೋಟೊ, ವಿಡಿಯೊಗಳನ್ನೆಲ್ಲ ಲ್ಯಾಪ್‌ಟಾಪಿನಿಂದ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ವರ್ಗಾಯಿಸಿ, ಲ್ಯಾಪ್‌ಟಾಪಿನಲ್ಲಿ ಜಾಗ ಖಾಲಿಯಾಯಿತೆಂದು ಹಿಗ್ಗಿದ್ದೆ. ಅದನ್ನೇ ಬ್ಯಾಕಪ್ ಎಂದು ಕರೆಯುತ್ತಿದ್ದೆ. ಒಂದು ಮಧ್ಯಾಹ್ನ ಮೇಜಿನಿಂದ ಜೋತು ಬಿದ್ದಿದ್ದ ವಯರು ಮಗುವಿನ ಕಾಲಿಗೆ ಸಿಕ್ಕಿತು, ಡಿಸ್ಕ್ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಮತ್ತೆ ಜೋಡಿಸಿದಾಗ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಮಾಹಿತಿ ಹೊರತೆಗೆಯುವ ಅಂಗಡಿಯವರು ಕೇಳಿದ ಹಣದಲ್ಲಿ ಅಂಥ ನಾಲ್ಕು ಡಿಸ್ಕ್ ಬರುತ್ತಿದ್ದವು. ಕೊಟ್ಟೆ. ಸಿಕ್ಕಿದ್ದು ಹೆಸರು, ದಿನಾಂಕ ಎರಡೂ ಅಳಿಸಿಹೋದ ಅರೆಬರೆ ಫೋಟೊಗಳ ರಾಶಿ. ಅಕ್ಕಿಕಾಳು ಬಿದ್ದ ಕ್ಷಣ ಅದರಲ್ಲಿ ಇರಲಿಲ್ಲ.

ವಸ್ತುವನ್ನು ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಇಟ್ಟರೆ ಅದು ಎರಡಾಗುವುದಿಲ್ಲ. ಇಷ್ಟು ತಿಳಿಯಲು ನನಗೆ ಒಂದು ಮದುವೆ ಬೇಕಾಯಿತು. ಆಮೇಲೆ ಪ್ರತಿ ಭಾನುವಾರ ನಾನೇ ಕುಳಿತು ನಕಲು ಮಾಡುತ್ತೇನೆಂದು ನಿಶ್ಚಯಿಸಿದೆ. ಮೂರು ಭಾನುವಾರ ನಡೆಯಿತು. ನಾಲ್ಕನೆಯದಕ್ಕೆ ಮುಧೋಳದಲ್ಲಿ ಮದುವೆ, ಐದನೆಯದಕ್ಕೆ ಜ್ವರ, ಆರನೆಯದು ನೆನಪಾಗಲೇ ಇಲ್ಲ. ಆದ್ದರಿಂದ ಈ ಲೇಖನದ ಹಟ ಒಂದೇ: ದಿನನಿತ್ಯದ ನಕಲು ನಿಮ್ಮ ನೆನಪನ್ನು ಅವಲಂಬಿಸಬಾರದು. ಯಂತ್ರ ಮರೆಯುವುದಿಲ್ಲ, ಅದಕ್ಕೆ ಮದುವೆಯ ಕರೆಯೂ ಬರುವುದಿಲ್ಲ.

ಮೊದಲು ಮನೆಯ ಲೆಕ್ಕ

ಒಂದು ಹಾಳೆ ತೆಗೆದುಕೊಂಡು, ನಾಳೆ ಬೆಳಗ್ಗೆ ಕಂಪ್ಯೂಟರ್ ಏಳದಿದ್ದರೆ ಯಾವುದಕ್ಕೆ ಅಳುತ್ತೀರಿ ಎಂದು ಬರೆಯಿರಿ. ಪಹಣಿಗೆ ಅಳಬೇಕಿಲ್ಲ, ಮತ್ತೆ ತೆಗೆಸಬಹುದು. ಸಿನಿಮಾಗಳಿಗೆ, ಇಳಿಸಿಕೊಂಡ ತಂತ್ರಾಂಶಗಳಿಗೆ ಅಳಬೇಕಿಲ್ಲ. ವಿಂಡೋಸ್ ಹೋದರೂ ಒಂದು ಮಧ್ಯಾಹ್ನದಲ್ಲಿ ಮತ್ತೆ ಹಾಕಿಸಬಹುದು. ಹೋದರೆ ಬಾರದವು ಬೇರೆ: ಮನೆಯವರ ಫೋಟೊ, ತೀರಿಕೊಂಡವರ ಧ್ವನಿಮುದ್ರಣ, ಮಗಳ ಪ್ರಬಂಧ, ಅಂಗಡಿಯ ಲೆಕ್ಕ. ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುವ ನನ್ನ ಗೆಳೆಯನೊಬ್ಬನ ಪಟ್ಟಿಯ ತಲೆಯಲ್ಲಿದ್ದದ್ದು ಸೆರಗು, ಅಂಚುಗಳ ವಿನ್ಯಾಸದ ಫೈಲುಗಳು. ಅವು ಹೋದರೆ ಮಗ್ಗದ ಮುಂದೆ ಮತ್ತೆ ಮೊದಲಿನಿಂದ ಕೂರಬೇಕು.

ಆಮೇಲೆ ಆ ಫೋಲ್ಡರುಗಳ ಮೇಲೆ ಬಲ ಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ, ಗಾತ್ರಗಳನ್ನು ಕೂಡಿಸಿ. ಬಹುತೇಕ ಮನೆಗಳಲ್ಲಿ ನಿಜವಾಗಿ ಬೇಕಾದದ್ದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ.

ಈಗ ನಮ್ಮ ಕಡೆ ಬಹಳ ಸಾಮಾನ್ಯವಾದ ಒಂದು ಬಲೆಯ ಬಗ್ಗೆ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಕಂಪ್ಯೂಟರುಗಳಲ್ಲಿ ಸಿ, ಡಿ, ಇ ಎಂದು ಮೂರು ಡ್ರೈವ್ ಮಾಡಿ, 'ಮುಖ್ಯವಾದದ್ದನ್ನು ಡಿ ಡ್ರೈವಿನಲ್ಲಿ ಇಡಿ ಸರ್, ಸೇಫ್' ಎಂದು ಹೇಳುವ ರೂಢಿಯಿದೆ. ವಿಂಡೋಸ್ ಕೆಟ್ಟಾಗ ಸಿ ಡ್ರೈವನ್ನಷ್ಟೇ ಅಳಿಸಿ ಮತ್ತೆ ಹಾಕಬಹುದು ಎಂಬ ಮಟ್ಟಿಗೆ ಆ ಮಾತು ಸರಿ. ಆದರೆ ಮೂರೂ ಅಕ್ಷರಗಳು ಸಾಮಾನ್ಯವಾಗಿ ಒಂದೇ ಡಿಸ್ಕಿನ ಮೂರು ಕೋಣೆಗಳು. ಮನೆಗೇ ಬೆಂಕಿ ಬಿದ್ದಾಗ ಪಡಸಾಲೆಯಲ್ಲಿದ್ದದ್ದನ್ನು ಅಡುಗೆಮನೆಗೆ ಸಾಗಿಸಿ ಪ್ರಯೋಜನವಿಲ್ಲ. ಈ ಬಲೆಗೆ ಇನ್ನೊಂದು ಹಲ್ಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಡಿಸ್ಕ್ ಕೊಳ್ಳುವುದು

ಕೂಡಿಸಿದ ಗಾತ್ರದ ಕನಿಷ್ಠ ಎರಡು ಪಟ್ಟು ಹಿಡಿಸುವ ಡಿಸ್ಕ್ ಬೇಕು, ಏಕೆಂದರೆ ಫೈಲಿನ ಹಳೆಯ ರೂಪಗಳೂ ಅದರಲ್ಲಿ ಉಳಿಯುತ್ತವೆ. 300 ಜಿಬಿ ಇದ್ದರೆ 1 ಟಿಬಿ ಧಾರಾಳವಾಗಿ ಸಾಕು. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಅಂಗಡಿಯವರ ಮೇಲೆ ಹರಿಹಾಯಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ವ್ಯತ್ಯಾಸ ಅಷ್ಟೇ. ಹರಿಹಾಯಬೇಕಾದದ್ದು ಬೇರೆ ಕಡೆ: ಪುಡಿಗಾಸಿಗೆ 16 ಟಿಬಿ ಕೊಡುತ್ತೇವೆನ್ನುವ ಆನ್‌ಲೈನ್ ಜಾಹೀರಾತುಗಳ ಮೇಲೆ. ಅಂಥವುಗಳಲ್ಲಿ ಒಳಗಿರುವುದು ಚಿಕ್ಕ ಚಿಪ್, ಅದು ದೊಡ್ಡ ಗಾತ್ರದ ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ.

ಸುಮ್ಮನೆ ಒಂದೆಡೆ ಕೂರುವ ಬ್ಯಾಕಪ್ಪಿಗೆ ತಿರುಗುವ ತಟ್ಟೆಯ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಅಗ್ಗ, ಮತ್ತು ಸಾಕು. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಬಿದ್ದರೂ ತಡೆದುಕೊಳ್ಳುತ್ತದೆ, ಆದರೆ ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಅದರ ನೆನಪು ನಿಧಾನವಾಗಿ ಸೋರಬಹುದು. ಪೆನ್‌ಡ್ರೈವನ್ನು ಝೆರಾಕ್ಸ್ ಅಂಗಡಿಗೆ ಹೋಗಿಬರಲು ಇಟ್ಟುಕೊಳ್ಳಿ. ಮನೆಯ ನೆನಪುಗಳನ್ನು ಅದರ ಹೆಗಲಿಗೆ ಹೊರಿಸಬೇಡಿ.

ಜೋಡಿಸುವಾಗ ಕಂಪ್ಯೂಟರಿನ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಯನ್ನು ಹುಡುಕಿ. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 30 ಎಂಬಿಯಷ್ಟು ಸಾಗಿದರೆ 200 ಜಿಬಿಗೆ ಎರಡು ಗಂಟೆಯ ಹತ್ತಿರ ಬೇಕು. ನೀಲಿಯದರಲ್ಲಿ 100 ಎಂಬಿ ಸಿಕ್ಕಿದರೂ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸಣ್ಣ ಸಣ್ಣ ಫೈಲುಗಳು ಸಾವಿರಾರು ಇದ್ದರೆ ಇನ್ನೂ ತಡವಾಗುತ್ತದೆ. ಹೇಗಿದ್ದರೂ ಮೊದಲ ಸಲವಷ್ಟೇ ಈ ಭಾರ. ಆಮೇಲೆ ಬದಲಾದದ್ದು ಮಾತ್ರ ಹೋಗುತ್ತದೆ.

ವಿಂಡೋಸಿನಲ್ಲಿ ಫೈಲ್ ಹಿಸ್ಟರಿ

ಹಣ ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ವಿಂಡೋಸ್ 8ರಿಂದಲೂ 'ಫೈಲ್ ಹಿಸ್ಟರಿ' ಎಂಬ ಸೌಲಭ್ಯ ಒಳಗೇ ಇದೆ, 10 ಮತ್ತು 11ರಲ್ಲೂ ಇದೆ. 11ರಲ್ಲಿ ಅದನ್ನು ಸ್ವಲ್ಪ ಮೂಲೆಗೆ ತಳ್ಳಿ, ಮೈಕ್ರೋಸಾಫ್ಟಿನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವಿನತ್ತ ಕೈತೋರಿಸುವ 'ವಿಂಡೋಸ್ ಬ್ಯಾಕಪ್' ಎಂಬುದನ್ನು ಮುಂದೆ ನಿಲ್ಲಿಸಿದ್ದಾರೆ. ಮುಂದೆ ನಿಂತವರನ್ನು ದಾಟಿ ಒಳಗೆ ಹೋಗೋಣ.

1. ಡಿಸ್ಕ್ ಜೋಡಿಸಿ. 'ದಿಸ್ ಪಿಸಿ'ಯಲ್ಲಿ ಅದರ ಮೇಲೆ ಬಲ ಗುಂಡಿ ಒತ್ತಿ, ಗುರುತು ಸಿಗುವ ಹೆಸರು ಕೊಡಿ. ನಾನು 'ಮನೆ ಡಿಸ್ಕ್' ಎಂದು ಕೊಟ್ಟಿದ್ದೇನೆ. ಡಿಸ್ಕ್ ಹೊಸದಾಗಿದ್ದರೆ, ಅದರಲ್ಲಿ ಏನೂ ಇಲ್ಲವೆಂದು ಎರಡು ಸಲ ನೋಡಿಕೊಂಡು, ಎನ್‌ಟಿಎಫ್‌ಎಸ್ ರೂಪಕ್ಕೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ರೂಪದಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಸುವುದಿಲ್ಲ, ಮದುವೆಯ ವಿಡಿಯೊ ಅಲ್ಲಿಗೇ ನಿಲ್ಲುತ್ತದೆ.

2. ಸ್ಟಾರ್ಟ್ ಗುಂಡಿಯ ಹುಡುಕುವ ಜಾಗದಲ್ಲಿ 'ಕಂಟ್ರೋಲ್ ಪ್ಯಾನೆಲ್' ಎಂದು ಟೈಪಿಸಿ ತೆರೆಯಿರಿ. 'ಸಿಸ್ಟಮ್ ಅಂಡ್ ಸೆಕ್ಯುರಿಟಿ', ಅದರೊಳಗೆ 'ಫೈಲ್ ಹಿಸ್ಟರಿ'.

3. ಎಡಗಡೆ 'ಸೆಲೆಕ್ಟ್ ಡ್ರೈವ್' ಒತ್ತಿ ನಿಮ್ಮ ಡಿಸ್ಕನ್ನು ಆರಿಸಿ, 'ಟರ್ನ್ ಆನ್' ಒತ್ತಿ. ಅರ್ಧ ಕೆಲಸ ಆಯಿತು.

4. 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್'ನಲ್ಲಿ ಎಷ್ಟು ಹೊತ್ತಿಗೊಮ್ಮೆ ನಕಲು ಎಂಬುದನ್ನು ನೋಡಿ. ತಾನಾಗಿ ಗಂಟೆಗೊಮ್ಮೆ ಎಂದಿರುತ್ತದೆ, ಹತ್ತು ನಿಮಿಷದಿಂದ ದಿನಕ್ಕೊಮ್ಮೆಯವರೆಗೆ ಬದಲಿಸಬಹುದು. ಗಂಟೆಗೊಮ್ಮೆ ಎಂಬುದು ಮನೆಗೆ ಸರಿಯಾದ ಅಳತೆ. ಅದರ ಕೆಳಗಿರುವುದು ಹಳೆಯ ರೂಪಗಳನ್ನು ಎಷ್ಟು ಕಾಲ ಇಡಬೇಕು ಎಂಬ ಪ್ರಶ್ನೆ. ಅದು 'ಫಾರೆವರ್' ಎಂದಿರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಡಿಸ್ಕ್ ತುಂಬಿ, ಬ್ಯಾಕಪ್ ನಿಲ್ಲುತ್ತದೆ. 'ಅಂಟಿಲ್ ಸ್ಪೇಸ್ ಈಸ್ ನೀಡೆಡ್' ಎಂಬುದನ್ನು ಆರಿಸಿ. ಜಾಗ ಬೇಕಾದಾಗ ಅದು ತೀರ ಹಳೆಯದನ್ನು ತಾನೇ ತೆಗೆಯುತ್ತದೆ.

5. ಈಗ ಬಲೆಯ ಎರಡನೆಯ ಹಲ್ಲು. ಫೈಲ್ ಹಿಸ್ಟರಿ ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್‌ನಂಥ ಜಾಗಗಳನ್ನು ಮಾತ್ರ. 'ಸೇಫ್' ಎಂದು ಡಿ ಡ್ರೈವಿನಲ್ಲಿಟ್ಟ ಫೋಲ್ಡರುಗಳತ್ತ ಅದು ತಿರುಗಿಯೂ ನೋಡುವುದಿಲ್ಲ. ಅಂಥ ಪ್ರತಿ ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ, ವಿಂಡೋಸ್ 11 ಆದರೆ 'ಶೋ ಮೋರ್ ಆಪ್ಷನ್ಸ್' ಒತ್ತಿ, 'ಇನ್‌ಕ್ಲೂಡ್ ಇನ್ ಲೈಬ್ರರಿ' ಎಂಬುದರಲ್ಲಿ 'ಡಾಕ್ಯುಮೆಂಟ್ಸ್' ಆರಿಸಿ. ಫೋಲ್ಡರ್ ಇದ್ದಲ್ಲೇ ಇರುತ್ತದೆ, ಆದರೆ ಇನ್ನು ಮುಂದೆ ಬ್ಯಾಕಪ್ಪಿನ ಕಣ್ಣಿಗೆ ಬೀಳುತ್ತದೆ.

6. ಮತ್ತೆ ಫೈಲ್ ಹಿಸ್ಟರಿಗೆ ಬಂದು 'ರನ್ ನೌ' ಒತ್ತಿ, ಚಹಾ ಕುಡಿದು ಬನ್ನಿ. ಮೊದಲ ಸಲವಾದ್ದರಿಂದ ಊಟವನ್ನೇ ಮುಗಿಸಿ ಬಂದರೂ ನಡೆಯುತ್ತದೆ.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಾದಾಮಿಗೋ ಬೆಳಗಾವಿಗೋ ಹೋದರೆ ಡಿಸ್ಕ್ ಮನೆಯಲ್ಲೇ ಉಳಿಯುತ್ತದಲ್ಲ? ಚಿಂತೆಯಿಲ್ಲ. ಆ ದಿನಗಳ ಬದಲಾವಣೆಗಳನ್ನು ಫೈಲ್ ಹಿಸ್ಟರಿ ಲ್ಯಾಪ್‌ಟಾಪಿನಲ್ಲೇ ಒಂದು ಮೂಲೆಯಲ್ಲಿ ಹಿಡಿದಿಟ್ಟು, ಡಿಸ್ಕ್ ಸಿಕ್ಕಾಗ ಅದಕ್ಕೆ ಇಳಿಸುತ್ತದೆ.

ಅಂಗಡಿಯ ಲೆಕ್ಕ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿದ್ದರೆ ಇನ್ನೊಂದು ಮಾತು. ಅದರ ದತ್ತಾಂಶದ ಫೋಲ್ಡರ್ ಸಾಮಾನ್ಯವಾಗಿ ಈ ಪಟ್ಟಿಯ ಹೊರಗಿರುತ್ತದೆ, ತಂತ್ರಾಂಶ ತೆರೆದಿರುವಾಗ ನಕಲಾದ ಫೈಲನ್ನು ನಂಬುವುದೂ ಕಷ್ಟ. ಟ್ಯಾಲಿಯಲ್ಲೇ ಇರುವ ಬ್ಯಾಕಪ್ ಆಯ್ಕೆಯನ್ನು ಬಳಸಿ, ಅದು ಡಾಕ್ಯುಮೆಂಟ್ಸ್ ಒಳಗಿನ ಒಂದು ಫೋಲ್ಡರಿಗೆ ಬೀಳುವಂತೆ ಮಾಡಿ. ಅಂಗಡಿ ಮುಚ್ಚುವಾಗ ಗಲ್ಲೆಯ ಹಣ ಎಣಿಸುವ ಅಭ್ಯಾಸ ಹೇಗೂ ಇರುತ್ತದೆ, ಅದರ ಜೊತೆಗೆ ಇದೂ ಒಂದು. ಅಲ್ಲಿಂದ ಮುಂದಿನದನ್ನು ಫೈಲ್ ಹಿಸ್ಟರಿ ನೋಡಿಕೊಳ್ಳುತ್ತದೆ.

ಇನ್ನೂ ವಿಂಡೋಸ್ 10 ಇರುವವರಿಗೆ: ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇಲಿನ ಹೆಜ್ಜೆಗಳು ಅಲ್ಲೂ ನಡೆಯುತ್ತವೆ. 11ಕ್ಕೆ ಏರುವ ಯೋಚನೆ ಇದ್ದರೆ ಮೊದಲು ಬ್ಯಾಕಪ್, ಆಮೇಲೆ ಏರುವುದು.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್ ಇರುವವರ ಕೆಲಸ ಸುಲಭ. ಡಿಸ್ಕ್ ಜೋಡಿಸಿ, ಸಿಸ್ಟಮ್ ಸೆಟ್ಟಿಂಗ್ಸಿನ 'ಜನರಲ್' ಒಳಗೆ 'ಟೈಮ್ ಮಷೀನ್' ತೆರೆದು, ಆ ಡಿಸ್ಕನ್ನು ಆರಿಸಿದರೆ ಮುಗಿಯಿತು. ಕಳೆದ 24 ಗಂಟೆಗಳದು ಗಂಟೆಗೊಂದು, ಕಳೆದ ತಿಂಗಳದು ದಿನಕ್ಕೊಂದು, ಅದಕ್ಕೂ ಹಿಂದಿನದು ವಾರಕ್ಕೊಂದು ಹೀಗೆ ಪ್ರತಿಗಳನ್ನು ಅದೇ ಇಟ್ಟುಕೊಳ್ಳುತ್ತದೆ. ಉಬುಂಟು ಬಳಸುವವರಿಗೆ 'ಡೆಜಾ ಡೂಪ್' ಎಂಬ ತಂತ್ರಾಂಶವಿದೆ, ಪಟ್ಟಿಯಲ್ಲಿ 'ಬ್ಯಾಕಪ್ಸ್' ಎಂಬ ಹೆಸರಿನಲ್ಲಿ ಕಾಣುತ್ತದೆ. ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಎಂದು ಗೊತ್ತುಮಾಡಿ ಬಿಡಬಹುದು. ಲಿನಕ್ಸ್ ಬಳಸುವವರಿಗೆ ಇದಕ್ಕಿಂತ ಹೆಚ್ಚು ಹೇಳಿದರೆ ಅವರೇ ನನಗೆ ತಿರುಗಿ ಪಾಠ ಹೇಳುತ್ತಾರೆ.

ಎರಡನೆಯ ಡಿಸ್ಕ್, ಬೇರೆ ಊರಿನಲ್ಲಿ

ಮೇಜಿನ ಮೇಲಿನ ಡಿಸ್ಕ್ ದಿನನಿತ್ಯದ ತಪ್ಪುಗಳಿಂದ ಕಾಪಾಡುತ್ತದೆ. ಕಳ್ಳ ಬಂದರೆ ಲ್ಯಾಪ್‌ಟಾಪಿನ ಜೊತೆ ಅದನ್ನೂ ಒಯ್ಯುತ್ತಾನೆ. ನೀರು ಬಂದರೆ ಎರಡನ್ನೂ ಮುಳುಗಿಸುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ ನಮ್ಮ ಜಿಲ್ಲೆಯಲ್ಲೂ ಬೆಳಗಾವಿ ಜಿಲ್ಲೆಯಲ್ಲೂ ಮನೆ ಬಿಟ್ಟು ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೀವ, ದನಕರು, ಕಾಳು ಎನ್ನುವ ಹೊತ್ತಿಗೆ ಹಾರ್ಡ್ ಡಿಸ್ಕ್ ಯಾರಿಗೂ ನೆನಪಾಗುವುದಿಲ್ಲ, ಆಗಲೂ ಬಾರದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶಗಳು ಕಂಪ್ಯೂಟರಿಗೆ ಜೋಡಿಸಿದ ಡಿಸ್ಕಿಗೂ ಬೀಗ ಹಾಕುತ್ತವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಅಂಥ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ನೆನಪಿರಬಹುದು. ಪುಕ್ಕಟೆ ಸಿಕ್ಕಿತೆಂದು ಕದ್ದ ತಂತ್ರಾಂಶ ಹಾಕಿಕೊಳ್ಳುವ ಮನೆಗಳಿಗೆ ಇಂಥವು ಬಾಗಿಲು ತಟ್ಟದೆಯೇ ಬರುತ್ತವೆ. ವಯರು ಕಿತ್ತು ಕಪಾಟಿನಲ್ಲಿಟ್ಟ ಡಿಸ್ಕನ್ನು ಮಾತ್ರ ಅವು ಮುಟ್ಟಲಾರವು.

ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಸೂತ್ರ 3-2-1. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅದನ್ನು ಜನಪ್ರಿಯಗೊಳಿಸಿದರು. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ನಮ್ಮ ನೆಲಕ್ಕೆ ಇದು ಹೊಸದಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಾ ವಚನಗಳ ತಾಳೆಗರಿ ಕಟ್ಟುಗಳಿಗಾಗಿ ಊರೂರು ಅಲೆದರು. ಅವರಿಗೆ ಅವು ಸಿಕ್ಕಿದ್ದು ಯಾರೋ ಒಬ್ಬರು ಒಂದೇ ಕಡೆ ಭದ್ರವಾಗಿಟ್ಟಿದ್ದರಿಂದಲ್ಲ. ಹಲವು ಮನೆ, ಹಲವು ಮಠಗಳಲ್ಲಿ ಜನ ಪ್ರತಿ ಮಾಡಿ ಇಟ್ಟುಕೊಂಡಿದ್ದರಿಂದ. ಒಂದು ಕಡೆ ಹುಳ ತಿಂದ ಗರಿ ಇನ್ನೊಂದು ಕಡೆ ಉಳಿದಿರುತ್ತಿತ್ತು.

ನಮ್ಮ ಮನೆಯ ಏರ್ಪಾಡು ಹೀಗಿದೆ. ಮೇಜಿನ ಡಿಸ್ಕಿನ ಹೊರತಾಗಿ ಇನ್ನೆರಡು ಡಿಸ್ಕ್‌ಗಳಿವೆ, ಎರಡಕ್ಕೂ 'ಊರ ಡಿಸ್ಕ್' ಎಂದೇ ಹೆಸರು. ಒಂದು ಕಪಾಟಿನಲ್ಲಿದ್ದರೆ ಇನ್ನೊಂದು ವಿಜಯಪುರದ ಅತ್ತೆಯ ಮನೆಯಲ್ಲಿ ಇರುತ್ತದೆ. ವಿಜಯಪುರ ಏಕೆಂದರೆ ಅದು ನಮ್ಮ ನದಿಗಳಿಂದ ದೂರ, ಎತ್ತರದ ಊರು. ಒಂದೇ ಪ್ರವಾಹ ಎರಡೂ ಮನೆಗಳನ್ನು ತಲುಪಲಾರದು. ಅಮಾವಾಸ್ಯೆಯ ಸಂಜೆ ಅಂಗಡಿ, ವಾಹನಗಳ ಪೂಜೆ ಮುಗಿದ ಮೇಲೆ ಕಪಾಟಿನ ಡಿಸ್ಕ್ ಹೊರಗೆ ಬರುತ್ತದೆ. ಮೊಬೈಲಿನ ಜ್ಞಾಪನೆಗಳನ್ನು ನಾನು ಒರೆಸಿಹಾಕುತ್ತೇನೆ, ಅಮಾವಾಸ್ಯೆಯನ್ನು ಮನೆಯಲ್ಲಿ ಯಾರೂ ಮರೆಯುವುದಿಲ್ಲ. ತಿಂಗಳ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಅಲಾರಂ ನನಗೆ ಸಿಕ್ಕಿಲ್ಲ.

ಈ ಡಿಸ್ಕಿಗೆ ಫೈಲ್ ಹಿಸ್ಟರಿ ಬೇಡ, ಏಕೆಂದರೆ ಅದು ಒಂದು ಸಲಕ್ಕೆ ಒಂದೇ ಡಿಸ್ಕನ್ನು ನಂಬಿಕೊಂಡಿರುತ್ತದೆ. 'ಫ್ರೀಫೈಲ್‌ಸಿಂಕ್' ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಎಡಗಡೆ ಮನೆಯ ಫೋಲ್ಡರುಗಳು, ಬಲಗಡೆ ಡಿಸ್ಕ್. ಬಲಗಡೆಯ ವಿಳಾಸವನ್ನು ಡ್ರೈವಿನ ಅಕ್ಷರದಿಂದ ಕೊಡದೆ ಡಿಸ್ಕಿನ ಹೆಸರಿನಿಂದ ಕೊಡಬಹುದು. ಹೀಗಾಗಿ ಎರಡರಲ್ಲಿ ಯಾವ 'ಊರ ಡಿಸ್ಕ್' ಜೋಡಿಸಿದರೂ ಅದೇ ಏರ್ಪಾಡು ನಡೆಯುತ್ತದೆ. 'ಮಿರರ್' ಎಂಬ ವಿಧಾನ ಮೊದಲಿಗೆ ಬೇಡ, ನೀವು ಮನೆಯಲ್ಲಿ ತಪ್ಪಿ ಅಳಿಸಿದ್ದನ್ನು ಅದು ಡಿಸ್ಕಿನಲ್ಲೂ ನಿಷ್ಠೆಯಿಂದ ಅಳಿಸುತ್ತದೆ. 'ಅಪ್‌ಡೇಟ್' ಆರಿಸಿ. ಬದಲಾದ ಫೈಲುಗಳ ಹಳೆಯ ರೂಪ ಬೇರೆ ಫೋಲ್ಡರಿಗೆ ಹೋಗುವಂತೆ 'ವರ್ಷನಿಂಗ್' ಎಂಬುದನ್ನೂ ಗೊತ್ತುಮಾಡಿ, ಆ ಏರ್ಪಾಡನ್ನು ಉಳಿಸಿಡಿ.

ಇದನ್ನು ಕೂಡ ತಾನಾಗಿ ನಡೆಯುವಂತೆ ಮಾಡಬಹುದಿತ್ತು. ಬೇಕೆಂದೇ ಮಾಡಿಲ್ಲ. ತಿಂಗಳಿಗೊಮ್ಮೆ 'ಕಂಪೇರ್' ಒತ್ತಿ, ಏನೇನು ಬದಲಾಗಿದೆ ಎಂಬ ಪಟ್ಟಿಯ ಮೇಲೆ ಕಣ್ಣಾಡಿಸುತ್ತೇನೆ. ನೂರಿನ್ನೂರು ಫೈಲ್ ಇರಬೇಕಾದ ಕಡೆ ಇಪ್ಪತ್ತು ಸಾವಿರ ಎಂದು ಬಂದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಆಗ ಡಿಸ್ಕ್ ಕಿತ್ತು, ಮೊದಲು ಕಾರಣ ಹುಡುಕಬೇಕು. ದಿನದ ಕೆಲಸಕ್ಕೆ ಯಂತ್ರ ಇರಲಿ, ತಿಂಗಳ ಈ ಕೆಲಸಕ್ಕೆ ಮನುಷ್ಯನ ಕಣ್ಣು ಇರಲಿ.

ಮೂರು ಡಿಸ್ಕ್ ಕೊಳ್ಳುವುದು ಹೊರೆಯಾದರೆ ಎರಡೇ ಸಾಕು. ಎರಡನೆಯದು ಕಚೇರಿಯ ಬೀರುವಿನಲ್ಲೋ ಅಣ್ಣನ ಮನೆಯಲ್ಲೋ ಇರಲಿ, ತಿಂಗಳಿಗೊಂದು ರಾತ್ರಿ ಮನೆಗೆ ಬಂದು ಹೋಗಲಿ.

ಕ್ಲೌಡ್ ಎಂಬ ಮೋಡ

ಕ್ಲೌಡ್ ಎಂದರೆ ಕಂಪನಿಗಳ ಯಂತ್ರಗಳಲ್ಲಿ ಅಂತರ್ಜಾಲದ ಮೂಲಕ ನಮಗೆ ಸಿಗುವ ಜಾಗ. ಗೂಗಲ್ ಖಾತೆಯಲ್ಲಿ 15 ಜಿಬಿ, ಒನ್‌ಡ್ರೈವ್ ಮತ್ತು ಐಕ್ಲೌಡಿನಲ್ಲಿ ತಲಾ 5 ಜಿಬಿ ಉಚಿತ. ಗೂಗಲಿನ 15 ಜಿಬಿಯನ್ನು ಇಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೇ ನಿಂತಿದೆ. ಆದ್ದರಿಂದ ಉಚಿತ ಜಾಗವನ್ನು ಚಿಕ್ಕದಾದ, ಆದರೆ ಬೆಲೆಯುಳ್ಳ ವಸ್ತುಗಳಿಗೆ ಮೀಸಲಿಡಿ: ಸ್ಕ್ಯಾನ್ ಮಾಡಿದ ಪತ್ರಗಳು, ಪ್ರಬಂಧ, ಲೆಕ್ಕ, ಆಯ್ದ ಇನ್ನೂರು ಫೋಟೊ.

ಎಲ್ಲವನ್ನೂ ಮೇಲೇರಿಸುವ ಆಸೆಯಿದ್ದರೆ ಮೊದಲು ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ ನೋಡಿ. ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 100 ಜಿಬಿ ಏರಲು ಬಿಡುವಿಲ್ಲದೆ 22 ಗಂಟೆ ಬೇಕು. ಮೊಬೈಲ್ ಡೇಟಾ ನಂಬಿ ಇದಕ್ಕೆ ಕೈಹಾಕಬೇಡಿ.

ಇನ್ನೊಂದು ಎಚ್ಚರ. ಒನ್‌ಡ್ರೈವ್, ಗೂಗಲ್ ಡ್ರೈವ್ ಮಾಡುವುದು ಜೋಡಣೆಯನ್ನು: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಲ್ಲಿನ ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿನ ಸಿಗುತ್ತದೆ, ಆಮೇಲೆ ಇಲ್ಲ. ವಿಂಡೋಸ್ 11 ಕೆಲವೊಮ್ಮೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನೇ ಒನ್‌ಡ್ರೈವಿನ ಒಳಗೆ ಸೇರಿಸಿಬಿಡುತ್ತದೆ. ಆಗ ಕೆಲವು ಫೈಲುಗಳು ನಿಮ್ಮ ಯಂತ್ರದಲ್ಲಿ ಹೆಸರಿಗಷ್ಟೇ ಇದ್ದು, ತಿರುಳು ಮೋಡದಲ್ಲಿರುತ್ತದೆ. ಫೈಲಿನ ಪಕ್ಕ ಮೋಡದ ಗುರುತು ಕಂಡರೆ ಅದರ ಮೇಲೆ ಬಲ ಗುಂಡಿ ಒತ್ತಿ, ಸದಾ ಈ ಯಂತ್ರದಲ್ಲೇ ಇರಲಿ ಎಂಬ ಅರ್ಥದ ಆಯ್ಕೆ ಮಾಡಿ. ಯಂತ್ರದಲ್ಲಿ ಇಲ್ಲದ ಫೈಲನ್ನು ಮೇಜಿನ ಡಿಸ್ಕಿಗೆ ನಕಲು ಮಾಡಲು ಬರುವುದಿಲ್ಲ.

ಬಿಸಿಲು ಮತ್ತು ವಿದ್ಯುತ್ತು

ಬ್ಯಾಕಪ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಂಪು ಊರಿನವರು, ಇದನ್ನು ಹೇಳುವುದಿಲ್ಲ. ಅನೇಕ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳ ವಿವರಪತ್ರದಲ್ಲಿ ಕೆಲಸದ ಉಷ್ಣತೆ 5ರಿಂದ 35 ಡಿಗ್ರಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರಗಳ ಹೊರಗಿನ ಗಾಳಿಯೇ 40 ದಾಟುತ್ತದೆ. ಪತ್ರಾಸಿನ ಛಾವಣಿಯ ಕೋಣೆಯಾದರೆ ಕೇಳುವುದೇ ಬೇಡ. ಡಿಸ್ಕನ್ನು ಸಿಪಿಯು ಪೆಟ್ಟಿಗೆಯ ಮೇಲೆ, ಟಿವಿಯ ಹಿಂದೆ, ಕಿಟಕಿಯ ಬಿಸಿಲಿಗೆ ಇಡಬೇಡಿ. ಬಟ್ಟೆಯ ಚೀಲದೊಳಗೆ ಇಟ್ಟುಕೊಂಡು ಓಡಿಸಬೇಡಿ. ಗಾಳಿಯಾಡುವ ತಗ್ಗಿನ ಗೂಡು, ದಪ್ಪ ಗೋಡೆ ಇದ್ದರೆ ಅದೇ ಸರಿಯಾದ ಜಾಗ. ವಯರು ಯಾರ ಕಾಲಿಗೂ ಸಿಗದಂತೆ ಗೋಡೆಗೆ ಅಂಟಿಸಿ. ಇದನ್ನು ಏಕೆ ಹೇಳುತ್ತೇನೆಂದು ನಿಮಗೆ ಗೊತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಕಾರಿನೊಳಗೆ ಡಿಸ್ಕ್ ಬಿಟ್ಟು ಹೋಗುವುದೂ ಬೇಡ.

ಡೆಸ್ಕ್‌ಟಾಪ್ ಇರುವವರು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಡಿಸ್ಕ್ ಬರೆಯುತ್ತಿರುವಾಗಲೇ ಕರೆಂಟ್ ಹೋಗುವುದು ಅದಕ್ಕೆ ಒಳ್ಳೆಯದಲ್ಲ. ಯುಪಿಎಸ್ ಕೊಡುವ ಕೆಲವು ನಿಮಿಷಗಳು ಕಂಪ್ಯೂಟರನ್ನು ನೆಮ್ಮದಿಯಾಗಿ ಮುಚ್ಚಲು ಸಾಕು.

ಟ್ರಂಕಿನಲ್ಲಿ ಇಡಬೇಕಾದ ಒಂದು ಚೀಟಿ

ಈಚಿನ ಅನೇಕ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಒಳಗಿನ ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ, ಒಡೆಯನಿಗೇ ಅದು ಗೊತ್ತಿರುವುದಿಲ್ಲ. ಮದರ್‌ಬೋರ್ಡ್ ಕೆಟ್ಟು ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದ ದಿನ ಅದು ಆ ಗೂಢಲಿಪಿ ಬಿಡಿಸುವ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಯನ್ನು ತೆರೆದವನು ಅಂಗಡಿಯ ಹುಡುಗನಾಗಿದ್ದು, ಪಾಸ್‌ವರ್ಡ್ ಅವನ ತಲೆಯಲ್ಲೇ ಉಳಿದಿದ್ದರೆ? ಇವತ್ತೇ ಖಾತೆಯೊಳಗೆ ಹೋಗಿ ಕೀ ಹುಡುಕಿ, ಕಾಗದದ ಮೇಲೆ ಬರೆದು, ಖರೀದಿ ಪತ್ರಗಳ ಜೊತೆ ಇಡಿ. ಇಮೇಲಿನ ಪಾಸ್‌ವರ್ಡ್ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಹೆಚ್ಚಿನ ಮಾತು. ಹತ್ತು ಹದಿನೈದು ವರ್ಷಗಳ ಹಿಂದೆ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳು ಈಗ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್ ಲಿಪಿಸಂಕೇತದಲ್ಲಿ ಇರುವುದಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಚಿಹ್ನೆಗಳ ಗೋಜಲು ಕಾಣುತ್ತದೆ, ಕಡತವೇ ಕೆಟ್ಟಿತೆಂದು ಜನ ಎಸೆಯುತ್ತಾರೆ. ಆದ್ದರಿಂದ ಕಡತದ ಜೊತೆ ಆ ಫಾಂಟುಗಳ ಫೈಲುಗಳನ್ನೂ ಉಳಿಸಿ. ಮುಖ್ಯವಾದವುಗಳದು ಒಂದು ಪಿಡಿಎಫ್ ಪ್ರತಿ ಇರಲಿ, ಬಿಡುವಿದ್ದಾಗ ಯೂನಿಕೋಡಿಗೆ ಪರಿವರ್ತಿಸಿದ ಇನ್ನೊಂದು ಪ್ರತಿಯೂ ಇರಲಿ.

ತೆಗೆದು ನೋಡುವುದು

ಬ್ಯಾಕಪ್ ನಡೆಯುತ್ತಿದೆ ಎಂದು ನಂಬುವುದು ಬೇರೆ, ಅದರಿಂದ ಫೈಲ್ ಹೊರಬಂದದ್ದನ್ನು ಕಾಣುವುದು ಬೇರೆ. ಏರ್ಪಾಡು ಮುಗಿದ ಮರುದಿನವೇ ಒಂದು ಬೇಡದ ಫೈಲ್ ಮಾಡಿ, ಗಂಟೆ ಬಿಟ್ಟು ಅಳಿಸಿ. ಫೈಲ್ ಹಿಸ್ಟರಿಯಲ್ಲಿ 'ರಿಸ್ಟೋರ್ ಪರ್ಸನಲ್ ಫೈಲ್ಸ್' ಒತ್ತಿದರೆ ಫೋಲ್ಡರುಗಳು ಕಾಣುತ್ತವೆ, ಕೆಳಗಿನ ಬಾಣಗಳಿಂದ ಹಿಂದಿನ ಗಂಟೆಗೆ, ಹಿಂದಿನ ದಿನಕ್ಕೆ ಹೋಗಬಹುದು. ಬೇಕಾದುದನ್ನು ಆರಿಸಿ ಹಸಿರು ಗುಂಡಿ ಒತ್ತಿದರೆ ಅದು ಮೊದಲಿದ್ದ ಜಾಗಕ್ಕೆ ಮರಳುತ್ತದೆ.

ಈಗಿರುವ ಫೈಲಿನ ಮೇಲೆ ಹಳೆಯದು ಕೂರಬಾರದು ಎಂದಿದ್ದರೆ ಬೇರೆ ಕಡೆಗೆ ಮರಳಿಸಿ. ಗಾಬರಿಯಲ್ಲಿ ಇದನ್ನು ಮರೆತು, ಬೆಳಗ್ಗೆ ತಿದ್ದಿದ ಲೆಕ್ಕದ ಮೇಲೆ ನಿನ್ನೆಯದನ್ನು ತಂದು ಕೂರಿಸಿದವರನ್ನು ನಾನು ಬಲ್ಲೆ.

ವರ್ಷಕ್ಕೊಮ್ಮೆ, ಖಂಡೇಪೂಜೆಯ (ಆಯುಧಪೂಜೆಯ) ದಿನ, ಕಂಪ್ಯೂಟರಿಗೆ ಕುಂಕುಮ ಇಡುವ ಮೊದಲು ನಮ್ಮಲ್ಲಿ ದೊಡ್ಡ ಪರೀಕ್ಷೆ ನಡೆಯುತ್ತದೆ. ಮಗಳು ಕಣ್ಣು ಮುಚ್ಚಿ ಹತ್ತು ಫೈಲುಗಳನ್ನು ಆರಿಸುತ್ತಾಳೆ: ಎರಡು ವಿಡಿಯೊ, ಒಂದು ಲೆಕ್ಕ, ಅಜ್ಜಿಯ ಒಂದು ಧ್ವನಿಮುದ್ರಣ, ಉಳಿದದ್ದು ಅವಳಿಷ್ಟ. ಅವುಗಳನ್ನು 'ಊರ ಡಿಸ್ಕ್'ನಿಂದ ಬೇರೊಂದು ಲ್ಯಾಪ್‌ಟಾಪಿನಲ್ಲಿ ತೆರೆದು, ಕೊನೆಯವರೆಗೆ ಓಡಿಸಿ ನೋಡುತ್ತೇವೆ. ಹೋದ ಸಲ ಹತ್ತರಲ್ಲಿ ಒಂದು ಸಿಗಲಿಲ್ಲ. ಹುಡುಕಿದರೆ ಅದು ಇ ಡ್ರೈವಿನ ಒಂದು ಫೋಲ್ಡರಿನಲ್ಲಿತ್ತು, ಅದನ್ನು ಯಾವ ಪಟ್ಟಿಗೂ ಸೇರಿಸುವುದನ್ನು ನಾನು ಮರೆತಿದ್ದೆ. ಸೇರಿಸಿದೆ.

ಆ ವಾರವೇ ಡಿಸ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯೊಳಗಿಟ್ಟು ವಿಜಯಪುರದ ಬಸ್ ಹತ್ತಿದೆ. ಅತ್ತೆ ಅದನ್ನು ತಂದೆಯ ಝೆರಾಕ್ಸ್ ಕಟ್ಟಿನ ಪಕ್ಕದಲ್ಲೇ ಇಟ್ಟು, ಅಲ್ಲಿದ್ದ ಇನ್ನೊಂದನ್ನು ಕೈಗೆ ಕೊಟ್ಟರು. ಮರಳುವಾಗ ಕೊಲ್ಹಾರದಲ್ಲಿ ಇಳಿದು ಗಡಿಗೆಯ ಮೊಸರು ಕೊಂಡೆ. ಒಂದೇ ಚೀಲದಲ್ಲಿ ಮೊಸರನ್ನೂ ಡಿಸ್ಕನ್ನೂ ಇಡಬೇಡಿ.